ಮುಸೆಂಬಿ ಸಾಹೇಬರ ಉಳಿತಾಯ
ಕೀನ್ಯಾದ ಕಿಟುಯಿ ಕಡೆಯ ಶಾಲೆಗಳಿಗೆ ಕಾಳು ಒದಗಿಸುವ ನನಗೆ ಮುಸೆಂಬಿ ಸಾಹೇಬರೆಂದರೆ ತಲೆನೋವು. ಮಕ್ಕಳ ಮಧ್ಯಾಹ್ನದ ಊಟದ ಖರ್ಚು ಇಳಿಸುವುದೇ ಅವರ ನೌಕರಿ. ಮೂರು ಕಲ್ಲಿನ ಒಲೆ ಕೆಡವಿ ಮಣ್ಣಿನ ಒಲೆ ಹಾಕಿಸಿದರು, ಕಾಳನ್ನು ಹಿಂದಿನ ದಿನವೇ ನೆನೆಹಾಕಿಸಿ ಸೌದೆ ಉಳಿಸಿದರು. ಬಿಟ್ಟರೆ ಹೊಗೆಯನ್ನೂ ಚೀಲಕ್ಕೆ ತುಂಬಿಡುವ ಆಸಾಮಿ. ಏನು ಕೇಳಿದರೂ ಒಂದೇ ಉತ್ತರ: “ನೋಡೋಣ, ತಡೀರಿ.” ಅಷ್ಟೂ ಸಾಲದೆಂದು ಮೇಲಿನ ಕಚೇರಿ ಈ ಸಲ, ಮಗುವಿಗೆ ಒಂದೇ ಸೌಟು ಎಂದು, ಸಣ್ಣ ಸೌಟು ಕಳಿಸಿತು. “ಸೌಟು ಕಿರಿದಾದ್ರೆ ಮಕ್ಕಳ ಹೊಟ್ಟೇನೂ ಕಿರಿದಾಗುತ್ತಾ ಸಾಹೇಬ್ರೇ?” ಎಂದು ಅಡುಗೆಯ ಸ್ಯೊಂಬುವಾ ಕೆಣಕಿದಳು. “ನೋಡೋಣ, ತಡಿಯಮ್ಮಾ.” ಯಾವುದೇ ಉಳಿತಾಯವನ್ನು ಅವರು ಮೊದಲು ತಮ್ಮ ಹೊಟ್ಟೆಯ ಮೇಲೇ ಪರೀಕ್ಷಿಸುತ್ತಾರೆಂಬುದು ನನಗೆ ಆ ದಿನ ತಿಳಿಯಿತು. ಮುಸುಕಿನ ಜೋಳ, ಕಾಳು ಬೆಂದದ್ದನ್ನು ಒಂದೇ ಸೌಟು ತಿಂದು, ಮಕ್ಕಳ ಜೊತೆ ಕೊನೆಯ ಬೆಂಚಿನಲ್ಲಿ ಮಂಡಿ ಮಡಚಿ ಕೂತರು. ಕಣ್ಣು ಗಡಿಯಾರದ ಮೇಲೆ. “ಎರಡೂವರೆಗೇ ಹಸಿವಾಯಿತು. ಶಾಲೆ ಬಿಡುವುದು ನಾಲ್ಕಕ್ಕೆ. ಈ ಸೌಟು ಸಾಲದು,” ಎಂದು ಮೇಲಿನ ಕಚೇರಿಗೆ ಬರೆದು ಕಳಿಸಿದರು. ವಾರದಲ್ಲಿ ಉತ್ತರ ಬಂತು: “ಹಾಗಾದರೆ ಶಾಲೆಯನ್ನು ಎರಡೂಕಾಲಿಗೇ ಬಿಡತಕ್ಕದ್ದು.” ಅದನ್ನು ಓದಿ ಹೇಳಿ ಸಾಹೇಬರು ಕಾಗದ ಮಡಚಿದರು. “ಈಗೇನ್ ಮಾಡೋದು ಸಾಹೇಬ್ರೇ?” ಎಂದಳು ಸ್ಯೊಂಬುವಾ. ಈ ಸಲ ‘ನೋಡೋಣ’ ಎನ್ನದೆ, ಅವರು ಹಳೆಯ ದೊಡ್ಡ ಸೌಟನ್ನೇ ತೆಗೆದು ಅವಳ ಕೈಗೆ ಕೊಟ್ಟರು.