ಅವ್ವನ ಹಾಡು ನಿಲ್ಲುತ್ತಿದ್ದ ಜಾಗ

ಅಪ್ಪ ತೀರಿಕೊಂಡ ಮರುವರ್ಷ ನನ್ನ ತಂಗಿಯ ಮದುವೆಯಾಯಿತು. ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ನೂಲು ಸುತ್ತಿ, ನಡುವೆ ಮದುಮಗಳನ್ನು ಕೂಡಿಸಿ ನೀರು ಹಾಕುವ ಸುರಗಿಯಲ್ಲಿ ಅವ್ವನಷ್ಟು ಚೆಂದ ಹಾಡುವವರು ನಮ್ಮ ಇಡೀ ಇಂಡಿ ಊರಿನಲ್ಲಿ ಇರಲಿಲ್ಲ. ಆದರೆ ಅವತ್ತು ಹೆಂಗಸರು, "ನೀ ಒಳಗ ಕುಂದ್ರವಾ, ಇದು ಮುತ್ತೈದೇರ ಕೆಲಸ" ಅಂದುಬಿಟ್ಟರು. ಅವ್ವ ಎದ್ದು ಒಳಗೆ ಹೋದಳು. ಮದುವೆಯ ಗದ್ದಲ ಮುಗಿದ ಮೇಲೆ ಒಂದು ಮಧ್ಯಾಹ್ನ ನನ್ನ ಹತ್ತಿರ ಬಂದು, "ನಿನ್ನ ಕಂಪ್ಯೂಟರ್‌ನ್ಯಾಗ ಧ್ವನಿ ಹಿಡಿಯೂದು ಐತಲ್ಲ, ಅದನ್ನ ಚಾಲೂ ಮಾಡಿ ನೀ ಹೊರಗ ಹೋಗು" ಅಂದಳು.

ಈಗ ಅವ್ವ ಇಲ್ಲ. ನನ್ನ ಮಗಳ ಮದುವೆ ಗೊತ್ತಾದಾಗ ಅವಳದು ಒಂದೇ ಹಟ: "ಸುರಗಿಗೆ ಅಜ್ಜೀನ ಹಾಡಬೇಕು." ಹಳೆಯ ಕಂಪ್ಯೂಟರಿನ ಧೂಳು ಕೊಡವಿ ಅವತ್ತು ಅವಳು ಹಾಡಿಟ್ಟ ಹಾಡು ಹಚ್ಚಿದರೆ ಬರೀ ಕರಕರ.

ಮಹಾನವಮಿ ಬಂದಾಗಲೆಲ್ಲ ಅವ್ವ ಆ ಕಂಪ್ಯೂಟರಿಗೂ ಪೂಜೆ ಮಾಡುತ್ತಿದ್ದಳು. ವಿಭೂತಿ ಮುಂದೆ ಬಳಿದರೆ ಹೊಲಸಾಗುತ್ತದೆಂದು ನಾನು ಜಗಳ ತೆಗೆದದ್ದಕ್ಕೆ ಹಿಂದೆ ಬಳಿದಿದ್ದಳು, ಮಹಾತಾಯಿ! ಸ್ಪೀಕರಿನ ವೈರು ಸಿಕ್ಕಿಸುವ ತೂತಿನ ತುಂಬ ವಿಭೂತಿ. ಬ್ರಶ್ಶಿನಿಂದ ತಿಕ್ಕುವಾಗ ಅವಳ ಬೆರಳ ಗುರುತನ್ನೇ ಅಳಿಸುತ್ತಿದ್ದೇನೆ ಅನ್ನಿಸಿ ಸಂಕಟವಾಯಿತು. ಸೌಂಡ್ ಕಾರ್ಡನ್ನೂ ಕಿತ್ತು, ಅದರ ಬಂಗಾರ ಬಣ್ಣದ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದೆ. ಕರಕರ ಹೋಯಿತು. ಅವ್ವ ಕೋಣೆಯೊಳಗೇ ಕೂತಂತೆ ಹಾಡಿದಳು. ನಡುವೆ ಒಂದು ಕಡೆ ಮಾತ್ರ ಅದೇ ಸಾಲು, ಮತ್ತೆ ಅದೇ ಸಾಲು, ಆಮೇಲೆ ಮೌನ.

ಸೌಂಡ್ ಕಾರ್ಡಿನ ಡ್ರೈವರ್ ತಂತ್ರಾಂಶ ತೆಗೆದು ಹೊಸದಾಗಿ ಹಾಕಿದೆ, ಧ್ವನಿ ತಡವರಿಸದಿರಲೆಂದು ಬಫರ್ ಹೆಚ್ಚಿಸಿದೆ. ಏನು ಮಾಡಿದರೂ ನಿಲ್ಲುವುದು ಅಲ್ಲೇ. ಯಂತ್ರ ಕೆಟ್ಟಿದ್ದರೆ ಒಮ್ಮೆ ಇಲ್ಲಿ ಒಮ್ಮೆ ಅಲ್ಲಿ ತಡವರಿಸಬೇಕಲ್ಲವೇ? ಅವ್ವನ ಹಾಡೇ ಹಾಳಾಗಿದೆಯೇನೋ ಎಂದು ನನಗೆ ಅಂಜಿಕೆ ಶುರುವಾಯಿತು. ಪೆನ್ ಡ್ರೈವಿಗೆ ಹಾಕಿ ಮೊಬೈಲಿನಲ್ಲಿ ಕೇಳುವ ಬುದ್ಧಿ ಕಡೆಗೆ ಬಂತು. ಅಲ್ಲೂ ಅದೇ. ಧ್ವನಿ ಏರಿಸಿ ಕಿವಿಗೊಟ್ಟೆ. ಮೌನದೊಳಗೆ ಅವ್ವ ಉಸಿರಾಡುತ್ತಿದ್ದಳು.

ಆ ಸಾಲಿನ ಕೊನೆಗೆ ಹಾಡುವವಳು ತನ್ನ ಗಂಡನ ಹೆಸರು ಸೇರಿಸಿ ಹಾಡಬೇಕು. ಅವ್ವ ಹೆಸರಿನ ಹೊಸ್ತಿಲವರೆಗೆ ಬಂದು ಬಂದು ಹಿಂದೆ ಸರಿದಿದ್ದಳು.

"ಅಷ್ಟು ಕತ್ತರಿಸಿ ಬಿಡ್ಲೇನವಾ?" ಮಗಳು ಕೇಳಿದಳು.

"ಬ್ಯಾಡ. ಅದೂ ಅಕಿದ ಹಾಡು."

ಗಂಡಿನ ಊರು ಸಿಂದಗಿಯ ಮದುವೆ ಮನೆಯಲ್ಲಿ ಹಾಡು ಹಚ್ಚಿದೆವು. ಅವ್ವ ಒಂದೊಂದು ಸಾಲು ಹೇಳಿದಂತೆ ಸುತ್ತ ಕೂತ ಹೆಂಗಸರು ತಿರುಗಿ ಹೇಳಿದರು. ಆ ಜಾಗ ಬಂತು. ನೀರು ಹಾಕುವ ಕೈ ತಡೆದು ನಿಂತಿತು. ಕೆಟ್ಟಿತೇನು ಎಂದು ಯಾರೂ ಕೇಳಲಿಲ್ಲ. ವಯಸ್ಸಾದವರು ತಲೆ ತಗ್ಗಿಸಿದರು. ಆಮೇಲೆ ಅವ್ವ ಹೆಸರು ಬಿಟ್ಟು ಮುಂದಿನ ಸಾಲು ಹಿಡಿದಳು. ಮುತ್ತೈದೆಯರೆಲ್ಲ ಹೆಸರು ಬಿಟ್ಟೇ ಅವಳ ಹಿಂದೆ ಹಾಡಿದರು. ನನಗೆ ಸಂತೋಷವಾಗಬೇಕಿತ್ತು. ಗಂಡ ಬದುಕಿದ್ದವರೂ ಹೆಸರು ಬಿಟ್ಟರಲ್ಲ ಎಂದು ಅಂಜಿ ಮಗಳ ಕಡೆ ನೋಡಿದೆ.