ಬೈಯುವುದು ಬಿಟ್ಟ ಅಕ್ಕ

“ನಿಜ ಹೇಳಕ್ಕ, ಡಾಕ್ಟ್ರು ಏನಂದ್ರು?”

ಕಳೆದ ಭಾನುವಾರ ಬೆಳಿಗ್ಗೆ ಗಂಡನ ಊರು ಸಾಸಲಿನಿಂದ ಬಸ್ಸಿನಲ್ಲಿ ಬಂದ ನನ್ನ ತಂಗಿ, ಚಪ್ಪಲಿಯನ್ನೂ ಬಿಡದೆ ಕೇಳಿದ ಮೊದಲ ಮಾತು ಇದು. ಏಳು ತಿಂಗಳ ಬಸುರಿ. ಒಂದು ಕೈ ಅವಳ ಸೊಂಟದ ಮೇಲೆ, ಇನ್ನೊಂದು ನನ್ನ ಹಣೆಯ ಮೇಲೆ.

“ಯಾವ ಡಾಕ್ಟ್ರೇ?”

“ಮುಚ್ಚಿಡಬೇಡ. ನಿಂಗೇನೋ ದೊಡ್ಡ ಕಾಯಿಲೆ ಬಂದೈತೆ. ನಂಗೊತ್ತು.”

“ಯಾರೇ ಹೇಳಿದ್ದು ನಿಂಗೆ?”

“ಯಾರು ಹೇಳ್ಬೇಕು? ಮೂರು ವಾರದಿಂದ ನೀನು ನನ್ನ ಒಂದ್ಸಲಾನೂ ಬೈದಿಲ್ಲ! ಅಮ್ಮನೂ ಹೋಗೋ ಮುಂಚೆ ಹಿಂಗೇ ಮೆತ್ತಗಾಗಿದ್ಲು.”

ನಗಲು ಹೊರಟಿದ್ದವಳು ಅವಳನ್ನು ಒಳಗೆ ಕರೆದು ಕಾಫಿಗೆ ಇಟ್ಟೆ.

ವಾರವಾರ ಈ ಅಂಕಣದಲ್ಲಿ ನನ್ನನ್ನು ಓದುವ ನಿಮಗೆ ಗೊತ್ತು, ನನ್ನ ಓದು ಏಳನೇ ಕ್ಲಾಸಿಗೆ ನಿಂತಿತು, ಬಾಯಿ ಮಾತ್ರ ನಿಲ್ಲಲಿಲ್ಲ. ದೊಡ್ಡಬಳ್ಳಾಪುರದ ಮಗ್ಗದ ಮನೆಗಳಲ್ಲಿ ಬೆಳೆದವರು ಮೆಲ್ಲಗೆ ಮಾತಾಡುವುದನ್ನು ಕಲಿಯುವುದೇ ಇಲ್ಲ. ಆ ಸದ್ದಿನಲ್ಲಿ ಪಕ್ಕದಲ್ಲಿ ಕೂತವರಿಗೂ ಕೂಗಿಯೇ ಹೇಳಬೇಕು. ಪ್ರೀತಿಯನ್ನೂ ಕೂಗಿಯೇ ಹೇಳುತ್ತೇವೆ. ಹೊರಗಿನವರು ಅದನ್ನು ಬೈಗುಳ ಅಂದುಕೊಳ್ಳುತ್ತಾರೆ.

ಆ ಬಾಯಿಯಿಂದಲೇ ಒಂದು ಸಲ ಅನಾಹುತವಾಗಿತ್ತು. ಪುಟ್ಟಿಗೆ (ತಂಗಿಯ ಹೆಸರು ಗೀತಾ, ನನಗೆ ಪುಟ್ಟಿ) ಮೊದಲ ಮಗು ಹೊಟ್ಟೆಯಲ್ಲೇ ಹೋದಾಗ, ಆಸ್ಪತ್ರೆಯ ಮಂಚದ ಪಕ್ಕ ನಿಂತು, “ಸ್ಕೂಟರ್ ಹತ್ತಬೇಡ ಅಂತ ಬಡ್ಕೊಂಡ್ನಲ್ಲೇ!” ಅಂದುಬಿಟ್ಟಿದ್ದೆ. ಅವಳು ಗೋಡೆಯ ಕಡೆ ತಿರುಗಿಕೊಂಡಳು. ಎಷ್ಟೋ ತಿಂಗಳು ನಮ್ಮಿಬ್ಬರಿಗೆ ಮಾತಿರಲಿಲ್ಲ.

ಈಗ ಮತ್ತೆ ಬಸುರಿ. ದಿನಾ ಅವಳಿಂದ ಮೆಸೇಜ್. ‘ಅಕ್ಕ, ಭಯ ಆಗ್ತೈತೆ’ ಅಂತ ಶುರುವಾಗಿ ಉದ್ದಕ್ಕೆ ಹೋಗುತ್ತಿತ್ತು. ಏನು ಬರೆಯಲಿ? ಮತ್ತೆ ಏನಾದರೂ ಅಂದುಬಿಟ್ಟರೆ? ನನ್ನ ಬಾಯಿಗೆ ನಾನೇ ಹೆದರಿದ್ದೆ.

ದಾರಿ ತೋರಿಸಿದವಳು ಹತ್ತನೇ ಕ್ಲಾಸಿನ ನನ್ನ ಮಗಳು ಸಿಂಧು. “ಎಐನ ಕೇಳಮ್ಮ, ಚೆನ್ನಾಗಿ ಬರ್ದುಕೊಡುತ್ತೆ.” ಪುಟ್ಟಿಯ ಮೆಸೇಜ್ ಕಾಪಿ, ಅಲ್ಲಿ ಪೇಸ್ಟ್, ಕೆಳಗೆ ‘ಅಕ್ಕನ ಹಾಗೆ ಉತ್ತರ ಕೊಡು’ ಅಂತ ಒಂದು ಸಾಲು. ಬಂದದ್ದು ಕಾಪಿ, ಇಲ್ಲಿ ಪೇಸ್ಟ್. ಮೊದಮೊದಲು ಓದುತ್ತಿದ್ದೆ. ‘ನಿನ್ನ ಭಯ ಸಹಜ. ಕಣ್ಣು ಮುಚ್ಚಿ ಉಸಿರನ್ನು ಗಮನಿಸು. ಈ ಕ್ಷಣದಲ್ಲಿ ಇರು.’ ಆಹಾ! ನಮ್ಮ ವಂಶದಲ್ಲಿ ಯಾರಾದರೂ ಹೀಗೆ ಮಾತಾಡಿದ್ದುಂಟಾ?

ಓದುವುದನ್ನು ಯಾವತ್ತು ಬಿಟ್ಟೆ? ನೆನಪಿಲ್ಲ. ಈಗ ನನ್ನನ್ನು ಹೆದರಿಸುವುದು ಅದೇ. ಬಿಟ್ಟದ್ದು ನನಗೆ ಗೊತ್ತೇ ಆಗಲಿಲ್ಲ.

(ಹೋದ ತಿಂಗಳು ಇದೇ ಜಾಗದಲ್ಲಿ, ಫೋನಿನಿಂದ ಹೋಮ್‌ವರ್ಕ್ ಬರೆಸುವ ಮಕ್ಕಳಿಗೆ ಬುದ್ಧಿ ಹೇಳಿದ್ದೆ, ನೆನಪಿದೆಯಾ? “ಬರ್ದಿದ್ದನ್ನ ಒಂದ್ಸಲ ಓದಿದ್ಯಾ?” ಅಂತ ಸಿಂಧುವನ್ನು ಗದರಿದ್ದೆ. “ಓದೋದ್ಯಾಕಮ್ಮ, ಬರ್ದಾಯ್ತಲ್ಲ” ಅಂದಿದ್ದಳು. ಚೆನ್ನಾಗಿ ಬರೆದಿದ್ದೀಯ ಅಂತ ಎಷ್ಟು ಜನ ಫೋನ್ ಮಾಡಿದ್ದಿರಿ!)

ಭಾನುವಾರಕ್ಕೆ ಬರುತ್ತೇನೆ. ಪುಟ್ಟಿ ಕಾಫಿ ಲೋಟ ಹಿಡಿದು ಅಡುಗೆಮನೆಯಲ್ಲಿ ಕೂತಳು.

“ಅಲ್ಲಕ್ಕ, ಹೋಗು ಅಂದೋಳು ಏನಾಯ್ತು ಅಂತ ಕೇಳಬೇಡ್ವಾ?”

“ಎಲ್ಲಿಗೆ?”

“ಎಲ್ಲಿಗೆ ಅಂತೆ! ಆಸ್ಪತ್ರೆಗೆ. ಗುರುವಾರ ನೀನೇ ಅಲ್ವಾ ಈಗ್ಲೇ ಹೊರಡು ಅಂದಿದ್ದು? ಇವ್ರು ನಾಳೆ ನೋಡೋಣ ಅಂದ್ರು. ನಮ್ಮಕ್ಕ ಹೇಳವ್ಳೆ, ಹೋಗ್ಲೇಬೇಕು ಅಂತ ಹಟ ಮಾಡ್ದೆ. ಮಗೀನ ಎದೆಬಡಿತ ಸ್ವಲ್ಪ ಏರುಪೇರು ಇತ್ತಂತೆ. ಒಂದಿನ ಇಟ್ಕೊಂಡು, ಸರಿಯಾದ್ಮೇಲೆ ಕಳಿಸಿದ್ರು. ಬಂದಿದ್ದೇ ಒಳ್ಳೇದಾಯ್ತಮ್ಮ ಅಂದ್ರು ಡಾಕ್ಟ್ರು. ನೀನು ಫೋನ್ ಮಾಡ್ತೀಯ ಮಾಡ್ತೀಯ ಅಂತ ಕಾದೆ. ಮಾಡ್ಲಿಲ್ಲ. ಆವಾಗ್ಲೇ ಅಂದ್ಕೊಂಡೆ, ಅಕ್ಕಂಗೇನೋ ಆಗೈತೆ ಅಂತ.”

ಏನೋ ನೆಪ ಹೇಳಿ ಫೋನ್ ಹಿಡಿದು ಮಗ್ಗದ ಕೋಣೆಗೆ ಹೋದೆ. ಗುರುವಾರದ ಮೆಸೇಜ್ ಹುಡುಕಿದೆ. ಉದ್ದ ಮೆಸೇಜ್. ಅದರ ನಡುವೆ ಒಂದು ಸಾಲು: ‘ಬೆಳಿಗ್ಗೆಯಿಂದ ಮಗು ಅಲುಗಾಡಿಲ್ಲ ಅಕ್ಕ.’ ಕೆಳಗೆ ನನ್ನ ಹೆಸರಿನಲ್ಲಿ ಉತ್ತರ: ‘ತಡ ಮಾಡಬೇಡ, ಈಗಲೇ ಆಸ್ಪತ್ರೆಗೆ ಹೊರಡು.’

ಎರಡನ್ನೂ ನಾನು ಮೊದಲ ಸಲ ಓದುತ್ತಿದ್ದೆ.

ಗುರುವಾರ ಏನು ಮಾಡುತ್ತಿದ್ದೆ? ಹೋಗಿದ್ದ ಕರೆಂಟ್ ಆಗ ತಾನೇ ಬಂದಿತ್ತು. ಮಗ್ಗದ ಕಂಡಿಕೆಗೆ ನೂಲು ಸುತ್ತುತ್ತಾ, ಒಂದೇ ಕೈಯಲ್ಲಿ ಕಾಪಿ, ಪೇಸ್ಟ್. ಶುಕ್ರವಾರ ಅವಳ ಮೆಸೇಜ್ ಬರಲಿಲ್ಲ. ಶನಿವಾರವೂ ಇಲ್ಲ. ನನಗೆ ಏನನ್ನಿಸಿತು ಗೊತ್ತಾ? ಸದ್ಯ, ಅನ್ನಿಸಿತು.

ಹೊರಗೆ ಬಂದೆ. ಪುಟ್ಟಿ ನನ್ನ ಕೈ ಎಳೆದು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು. “ಇದರ ಮೇಲೆ ಆಣೆ ಮಾಡು, ಕಾಯಿಲೆ ಇಲ್ಲ ಅಂತ.” ಅಂಗೈ ಕೆಳಗೆ ಏನೋ ಒದ್ದಿತು. ಬೆಂಕಿ ಮುಟ್ಟಿದವಳ ಹಾಗೆ ಕೈ ಎಳೆದುಕೊಂಡೆ.

“ಲೇ ಹುಚ್ಚಿ! ಏಳು ತಿಂಗಳ ಬಸುರಿ, ಆಸ್ಪತ್ರೆಯಿಂದ ಬಂದೋಳು, ಆ ಬಸ್ಸಲ್ಲಿ ಕುಲುಕಾಡ್ಕೊಂಡು ಬರ್ತಾರೇನೇ? ಬುದ್ಧಿ ಎಲ್ಲಿಟ್ಟಿದ್ದೆ?”

ಅವಳ ಮುಖ ಅರಳಿತು. “ಈಗ ನಮ್ಮಕ್ಕ!” ಅಂದಳು. ಸಂಜೆ ಅವಳ ಗಂಡ ಬಂದು ಕಾರಿನಲ್ಲಿ ಕರೆದುಕೊಂಡು ಹೋದರು. ಆ ಉತ್ತರ ನನ್ನದಲ್ಲ ಅಂತ ಹೇಳದೆಯೇ ಕಳಿಸಿಕೊಟ್ಟೆ.

ಎಐ ಕೆಟ್ಟದ್ದು ಅಂತ ಬರೆದು ಮುಗಿಸಿದ್ದರೆ ಸುಲಭವಾಗಿರುತ್ತಿತ್ತು. ಆಗುವುದಿಲ್ಲ. ಅವತ್ತು ಮೆಸೇಜನ್ನು ನಾನೇ ಓದಿದ್ದರೆ, ‘ಏನೂ ಆಗಲ್ಲ, ಒಂದು ಗಳಿಗೆ ಮಲಕ್ಕೊ’ ಅಂತ ಬರೆಯುತ್ತಿದ್ದೆ. ನನ್ನ ಬುದ್ಧಿ ನನಗೆ ಗೊತ್ತು. ಅದು ಹೇಳಿದ್ದೇ ಸರಿ. ಆದರೆ ಹೇಳಿದ ಮೇಲೆ ಅದಕ್ಕೆ ಎದೆ ಹೊಡೆದುಕೊಳ್ಳಲಿಲ್ಲ. ಹೊರಟಳಾ, ತಲುಪಿದಳಾ, ಮಗು ಹೇಗಿದೆ ಅಂತ ಒದ್ದಾಡಲಿಲ್ಲ. ಒದ್ದಾಡುವ ಕೆಲಸ ಅಕ್ಕನದು. ಅಕ್ಕ ಅಲ್ಲಿರಲಿಲ್ಲ.

ಈಗ ಪ್ರತಿ ಮೆಸೇಜನ್ನೂ ಎರಡು ಸಲ ಓದುತ್ತೇನೆ. ಓದುತ್ತಿರುವಾಗಲೇ ಹೆಬ್ಬೆರಳು ತಾನಾಗಿ ಆ ಇನ್ನೊಂದು ಆ್ಯಪಿನ ಕಡೆ ಸರಿಯುತ್ತದೆ. ಅದನ್ನೇ ನೋಡುತ್ತಾ ಕೂರುತ್ತೇನೆ, ಬೇರೆ ಯಾರದೋ ಬೆರಳು ನೋಡಿದ ಹಾಗೆ. (‘ಈ ಕ್ಷಣದಲ್ಲಿ ಇರು’ ಅಂತ ತಂಗಿಗೆ ಉಪದೇಶ ಕಳಿಸಿದವಳು!) ನನ್ನದೇ ಮಾತು ಹುಡುಕಿದರೆ ಬೇಗ ಸಿಗುವುದಿಲ್ಲ. ನಿನ್ನೆ ಬರೆದದ್ದು ಇಷ್ಟೇ: ‘ತಿಂದ್ಯಾ? ಒದೀತಾ ಐತಾ?’ ಉತ್ತರ ಬರುವವರೆಗೆ ಫೋನ್ ಕೆಳಗಿಡಲಾಗಲಿಲ್ಲ.

ಈ ಪತ್ರಿಕೆ ಶನಿವಾರ ಸಾಸಲಿಗೆ ಹೋಗುತ್ತದೆ. ಪುಟ್ಟಿ ಮೊದಲು ತೆಗೆಯುವುದು ಈ ಪುಟವನ್ನೇ. ಹೆರಿಗೆ ಆಗುವವರೆಗೆ ಕಾಯಬಹುದಿತ್ತು ಅನ್ನುತ್ತೀರಾ? ಎದುರಿಗೆ ಹೇಳಲು ಬಾಯಿ ಬರಲಿಲ್ಲ, ಫೋನಿನಲ್ಲೂ ಬರಲಿಲ್ಲ. ಆದರೆ ‘ಅಕ್ಕ ಹೇಳವ್ಳೆ’ ಅಂತ ಗಂಡನ ಹತ್ತಿರ ಹಟ ಹಿಡಿಯುವವಳಿಗೆ ಹೇಳಿದವರು ಯಾರು ಅಂತ ಗೊತ್ತಿರಬೇಡವೇ? ಗೊತ್ತಾದ ಮೇಲೆ ನನ್ನ ಮಾತನ್ನೇ ನಂಬದಿದ್ದರೆ? ಇನ್ನೊಂದು ಸಲ ನಾನು ‘ಹೊರಡು’ ಅಂದಾಗ ಹೊರಡದಿದ್ದರೆ?

ಪುಟ್ಟಿ, ಇದನ್ನು ಓದಿ ನೀನು ಬಾಯಿಗೆ ಬಂದ ಹಾಗೆ ಬೈದರೆ ನಾನು ಬದುಕಿಕೊಳ್ಳುತ್ತೇನೆ. ಮೆತ್ತಗೆ ಮಾತಾಡಿಸಿದರೆ ಏನು ಮಾಡಲಿ?