ಬೇಲೂರಿನ ಗೆಲುವಿನ ಊಟ

ಮಂಡಿ ಕೈಕೊಟ್ಟ ಮೇಲೆ ಅರಸೀಕೆರೆಯ ನಮ್ಮ ಬ್ಯಾಸ್ಕೆಟ್‌ಬಾಲ್ ಕ್ಲಬ್ಬು ನನ್ನನ್ನು ಮ್ಯಾನೇಜರ್ ಮಾಡಿತು. ಆ ವರ್ಷ ಬೇಲೂರಿನಲ್ಲಿ ಗೆದ್ದೆವು. ಗೆಲ್ಲಿಸಿದವನು ಗಂಡಸಿ ಊರಿನ ಕಡೆಯ ನಮ್ಮ ಹುಡುಗ. ಅವನಿಗೆ ಹಾರ ಹಾಕಿ ಬೆನ್ನು ತಟ್ಟಿದ, ಪಂದ್ಯಾವಳಿ ನಡೆಸಿದ ಬೇಲೂರಿನ ಯಜಮಾನರೇ ತಮ್ಮ ಮನೆಯ ಊಟಕ್ಕೆ ಅವನ ಎಲೆಯನ್ನು ಹೊರಗೆ ಜಗಲಿಯಲ್ಲಿ ಹಾಕಿಸಿದರು!

“ಜಾತಿ ನೋಡ್ಬೇಕಲ್ರೀ ಮ್ಯಾನೇಜರ್ರೇ,” ಅಂದರು.

ಅವನು ಮುಟ್ಟಿದ ಚೆಂಡನ್ನು ಎದುರು ತಂಡದಲ್ಲಿದ್ದ ಅವರ ಮಗನೂ ಮುಟ್ಟಿರಲಿಲ್ಲವೇ? ಚೆಂಡಿಗಿಲ್ಲದ ಮೈಲಿಗೆ ಎಲೆಗೆ ಎಲ್ಲಿಂದ ಬಂತು? ನನಗೆ ಮೈಯೆಲ್ಲ ಉರಿದುಹೋಯಿತು. ಬಡಿಸುವ ಮೊದಲೇ ನಮ್ಮ ಆಟಗಾರರು ಒಬ್ಬೊಬ್ಬರಾಗಿ ಎಲೆ ಎತ್ತಿಕೊಂಡು ಹೋಗಿ ಅವನ ಪಕ್ಕ ಕೂತರು. ನಾನು ಆಡುತ್ತಿದ್ದ ಕಾಲವಾಗಿದ್ದರೆ ಮೊದಲು ಏಳುತ್ತಿದ್ದವನು ನಾನೇ.

ಮುಂದಿನ ವರ್ಷ ಇವರು ನಮ್ಮ ತಂಡವನ್ನು ಕರೆಯದಿದ್ದರೆ ಏನು ಗತಿ ಎಂದು ಯೋಚಿಸುತ್ತ, ಈ ಮ್ಯಾನೇಜರ್ ಒಬ್ಬನೇ ಒಳಗೆ ಕೂತು ಉಂಡ.